ಕಡಲಿಗೆ ಕೊನೆಯ ಇನ್ನೂರು ಮೀಟರ್

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂಥ ಹಳೆಯ ಬೆಂಗಳೂರಿನ ಬಡಾವಣೆಗಳಲ್ಲಿ ಎಪ್ಪತ್ತು ದಾಟಿದ ಹಿರಿಯರಿರುವ ಮನೆಗಳು ಕರಾವಳಿಯ ಪ್ರವಾಸವನ್ನು ಯೋಜಿಸುವ ಬಗೆಯಲ್ಲಿ ಒಂದು ರೂಢಿ ಇಂದಿಗೂ ಉಳಿದುಕೊಂಡಿದೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು, ಸಾಧ್ಯವಾದರೆ ಶೃಂಗೇರಿ ಮತ್ತು ಹೊರನಾಡು, ಇವಿಷ್ಟನ್ನೂ ಮೂರು ಹಗಲುಗಳಲ್ಲಿ ಮುಗಿಸಿ, ನಡುವೆ ಬಿಡುವಾದ ಒಂದು ಸಂಜೆ ಮಲ್ಪೆಯಲ್ಲೋ ಪಣಂಬೂರಿನಲ್ಲೋ ಅರ್ಧ ಗಂಟೆ ಸಮುದ್ರವನ್ನು ನೋಡಿ ಹಿಂದಿರುಗುವುದೇ ಆ ರೂಢಿ. ಕಾಲು ಗಟ್ಟಿಯಿರುವವರಿಗೆ ಇದರಿಂದ ತೊಂದರೆಯೇನೂ ಇಲ್ಲ. ಆದರೆ ಮಂಡಿ ಸವೆದವರು, ಪಾರ್ಶ್ವವಾಯುವಿನ ನಂತರ ಊರುಗೋಲು ಹಿಡಿದವರು, ಪಾರ್ಕಿನ್ಸನ್ ಕಾಯಿಲೆಯಿಂದ ಹೆಜ್ಜೆ ಕಿರಿದಾದವರು, ಗಾಲಿಕುರ್ಚಿಯನ್ನೇ ನೆಚ್ಚಿಕೊಂಡವರು ಇಂಥ ಸುತ್ತಾಟದಲ್ಲಿ ಬಹುಪಾಲು ಹೊತ್ತನ್ನು ಕಾರಿನ ಹಿಂದಿನ ಸೀಟಿನಲ್ಲೇ ಕಳೆದು, ಸಮುದ್ರದ ಸದ್ದನ್ನಷ್ಟೇ ಕೇಳಿ ಮನೆಗೆ ಮರಳುತ್ತಾರೆ.

ಸ್ಥಳವನ್ನು ಆರಿಸುವಾಗ ಮನೆಮಂದಿ, ಅದರಲ್ಲೂ ದೂರದೇಶದಿಂದ ವಿಡಿಯೊ ಕರೆಯಲ್ಲೇ ಏರ್ಪಾಟು ನಡೆಸುವ ಮಕ್ಕಳು, ಮೊದಲು ನೋಡುವುದು ರೆಸಾರ್ಟಿನ ಚಿತ್ರಗಳನ್ನು, ಅನಂತರ ಬಾಡಿಗೆಯನ್ನು, ಅದಾದ ಮೇಲೆ ಊಟದ ವ್ಯವಸ್ಥೆಯನ್ನು. ನಡೆದಾಡುವ ಶಕ್ತಿ ಕುಂದಿದವರ ಮಟ್ಟಿಗೆ ಈ ಮೂರಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ವಾಹನ ನಿಲ್ಲುವ ಜಾಗಕ್ಕೂ ಸಮುದ್ರ ಕಾಣುವ ಜಾಗಕ್ಕೂ ನಡುವೆ ಎಷ್ಟು ದೂರವಿದೆ, ಮತ್ತು ಆ ದೂರದ ನೆಲ ಎಂಥದು? ಬೆಂಗಳೂರಿನಿಂದ ಮಂಗಳೂರಿಗಿರುವ ಸುಮಾರು 350 ಕಿಲೋಮೀಟರುಗಳನ್ನು ರೈಲು, ಕಾರು, ವಿಮಾನಗಳು ಹೇಗೋ ದಾಟಿಸುತ್ತವೆ. ಹೋದದ್ದು ಸಾರ್ಥಕವಾಯಿತೇ ಇಲ್ಲವೇ ಎಂಬುದು ತೀರ್ಮಾನವಾಗುವುದು ಕೊನೆಯ ಇನ್ನೂರು ಮೀಟರುಗಳಲ್ಲಿ.

ಇನ್ನೂರು ಮೀಟರ್ ಎಂಬ ಈ ಅಳತೆ ಊಹೆಯಿಂದ ಬಂದದ್ದಲ್ಲ. ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರ 1991ರಲ್ಲಿ ಹೊರಡಿಸಿದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಅಂದರೆ ಜನರು ಸಿಆರ್‌ಝಡ್ ಎಂದು ಕರೆಯುವ ನಿಯಮಾವಳಿ, ಗ್ರಾಮೀಣ ಕರಾವಳಿಯಲ್ಲಿ ಉಬ್ಬರದ ಗೆರೆಯಿಂದ ಒಳನಾಡಿನ ಕಡೆಗೆ 200 ಮೀಟರ್‌ವರೆಗಿನ ನೆಲವನ್ನು ನಿರ್ಮಾಣ ನಿಷೇಧಿತ ವಲಯವೆಂದು ಗುರುತಿಸಿತು. ಉಬ್ಬರದ ಗೆರೆಯೆಂದರೆ ದೊಡ್ಡ ಭರತದ ದಿನಗಳಲ್ಲಿ ನೀರು ಮುಟ್ಟುವ ಮೇಲಿನ ಎಲ್ಲೆ. 2019ರ ಅಧಿಸೂಚನೆ ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಲ್ಲಿ ಈ ಅಂತರವನ್ನು 50 ಮೀಟರಿಗೆ ಇಳಿಸಿದರೂ ಉಳಿದ ಗ್ರಾಮೀಣ ತೀರದಲ್ಲಿ ಹಳೆಯ ಅಂತರವೇ ಮುಂದುವರಿದಿದೆ. ನಿಯಮ ಕಡಲ ದಂಡೆಗೂ ಮೀನುಗಾರರ ಬದುಕಿಗೂ ಬೇಕಾದದ್ದೇ. ಅದನ್ನು ದೂರುವುದು ಸಲ್ಲದು. ಆದರೆ ಇದರ ಪರಿಣಾಮವಾಗಿ ‘ಬೀಚ್ ರೆಸಾರ್ಟ್’ ಎಂಬ ಫಲಕ ಹೊತ್ತ ಎಷ್ಟೋ ತಂಗುದಾಣಗಳ ಕೋಣೆಗೂ ಅಲೆಗೂ ನಡುವೆ ಗಾಳಿಮರಗಳ ತೋಪು, ಬಂಗುಡೆ ಬಳ್ಳಿಯ ಹಾಸು, ಸಡಿಲ ಮರಳಿನ ದಿಬ್ಬ ಇವೆಲ್ಲ ಇರುತ್ತವೆ ಮತ್ತು ಚಿತ್ರದಲ್ಲಿ ಅವು ಕಾಣಿಸುವುದಿಲ್ಲ.

ಸಡಿಲ ಮರಳು ಎಷ್ಟು ದುಬಾರಿಯೆಂಬುದಕ್ಕೆ ಲೆಕ್ಕವೂ ಇದೆ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಣ ಮರಳಿನ ಮೇಲೆ ನಡೆಯಲು ಗಟ್ಟಿ ನೆಲದ ಮೇಲಿನ ನಡಿಗೆಗಿಂತ 2.1ರಿಂದ 2.7 ಪಟ್ಟು ಶಕ್ತಿ ವ್ಯಯವಾಗುತ್ತದೆ. ಪಾದ ಹೂತು, ಹಿಂದಕ್ಕೆ ಜಾರಿ, ಪ್ರತಿ ಹೆಜ್ಜೆಯಲ್ಲೂ ಮರಳನ್ನು ಸರಿಸುವ ಕೆಲಸ ಸ್ನಾಯುಗಳ ಪಾಲಿಗೆ ಬರುವುದು ಇದಕ್ಕೆ ಕಾರಣ. ಮಲ್ಲೇಶ್ವರದ ಸ್ಯಾಂಕಿ ಕೆರೆಯ ದಂಡೆಯಲ್ಲೋ ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಕಾಲುಹಾದಿಯಲ್ಲೋ ದಿನವೂ ಒಂದು ಸುತ್ತು ಹಾಕುವ ಹಿರಿಯರು ಆ ಬಲದ ಮೇಲೆಯೇ ಕಡಲತೀರದಲ್ಲಿ ನೂರು ಮೀಟರ್ ನಡೆದುಬಿಡಬಲ್ಲರೆಂದು ಭಾವಿಸುವುದು ಆದ್ದರಿಂದ ತಪ್ಪು. ಅವರಿಗೆ ಹೋಗುವ ದಾರಿಗಿಂತಲೂ ಬರುವ ದಾರಿ ಕಷ್ಟ, ಏಕೆಂದರೆ ತೀರ ನೀರಿನ ಕಡೆಗೆ ಇಳಿಜಾರಾಗಿರುತ್ತದೆ, ಹಿಂದಿರುಗುವಾಗ ಏರಬೇಕಾಗುತ್ತದೆ. ಇನ್ನು ಮನೆಯಲ್ಲೂ ಆಸ್ಪತ್ರೆಯಲ್ಲೂ ಬಳಸುವ ಸಾಮಾನ್ಯ ಗಾಲಿಕುರ್ಚಿಯ ಕಿರಿದಾದ ಮುಂಚಕ್ರಗಳು ಒಣ ಮರಳಿನಲ್ಲಿ ಎರಡು ಅಡಿಯೂ ಸಾಗದೆ ಹೂತುಹೋಗುತ್ತವೆ. ಮರಳಿಗೆಂದೇ ಮಾಡಿದ ಕುರ್ಚಿಗಳಿಗೆ ಅಗಲವಾದ, ಕಡಿಮೆ ಒತ್ತಡದ ಗಾಳಿ ತುಂಬಿದ ಬಲೂನಿನಂಥ ಚಕ್ರಗಳಿದ್ದು, ಭಾರ ವಿಶಾಲವಾದ ಮೇಲ್ಮೈಗೆ ಹಂಚಿಹೋಗುವುದರಿಂದ ಅವು ಹೂತುಹೋಗದೆ ಉರುಳುತ್ತವೆ.

ಇಲ್ಲಿ ಕರ್ನಾಟಕದ ಕರಾವಳಿಯ ಒಂದು ಸ್ವಭಾವವನ್ನು ತಿಳಿದಿರಬೇಕು. ಮುಂಗಾರಿನ ದೊಡ್ಡ ಅಲೆಗಳು ತೀರದ ಮರಳನ್ನು ಕೊರೆದು ಕಡಲೊಳಗೆ ಒಯ್ಯುತ್ತವೆ. ಮಳೆಗಾಲ ಮುಗಿದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ನಿಧಾನವಾಗಿ ಮರಳಿ ತಂದು ಹರಡುತ್ತವೆ. ಹೀಗಾಗಿ ಮಳೆಗಾಲದ ಬೆನ್ನಿಗೆ ಇಕ್ಕಟ್ಟಾಗಿ, ಕಡಿದಾಗಿರುವ ದಂಡೆ ಬೇಸಿಗೆಯ ಹೊತ್ತಿಗೆ ಅಗಲವಾಗಿ ಹಿಗ್ಗುತ್ತದೆ. ಚಿತ್ರ ತೆಗೆಯುವವರಿಗೆ ಅಗಲ ತೀರ ಚೆನ್ನ, ಊರುಗೋಲಿನವರಿಗೆ ಅಷ್ಟೇ ಅಗಲದ ಒಣ ಮರಳು ಎದುರಾಗುತ್ತದೆ. ಭರತ ಮತ್ತು ಇಳಿತಗಳ ಲೆಕ್ಕವೂ ಇದಕ್ಕೆ ಸೇರುತ್ತದೆ. ದಿನಕ್ಕೆ ಎರಡು ಬಾರಿ ನೀರು ಏರಿ ಎರಡು ಬಾರಿ ಇಳಿಯುತ್ತದೆ, ಮತ್ತು ಈ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷಗಳಷ್ಟು ಮುಂದಕ್ಕೆ ಸರಿಯುತ್ತದೆ. ಇಳಿತದಲ್ಲಿ ನೀರು ಬಿಟ್ಟುಹೋದ ಒದ್ದೆ ಮರಳು ಬಿಗಿಯಾಗಿದ್ದು, ಮಟ್ಟಸ ತೀರಗಳಲ್ಲಿ ಅದರ ಮೇಲೆ ಕೋಲೂರಿ ನಡೆಯುವುದು ಒಣ ಮರಳಿಗಿಂತ ಎಷ್ಟೋ ಸುಲಭ.

ಹಳೆಯ ಬೆಂಗಳೂರಿನ ಸಂಪ್ರದಾಯಸ್ಥ ಮನೆಗಳ ಹಿರಿಯರಿಗೆ ಸಮುದ್ರವೆಂದರೆ ನೋಟದ ವಸ್ತುವಿಗಿಂತ ಹೆಚ್ಚಾಗಿ ಪರ್ವಕಾಲದ ಸ್ನಾನದ ತೀರ್ಥ. ಅಮಾವಾಸ್ಯೆ, ಹುಣ್ಣಿಮೆ, ಗ್ರಹಣಗಳಂದು ಸಮುದ್ರಸ್ನಾನ ಮಾಡಬೇಕೆಂಬ ಅವರ ಆಸೆ ಅಸಹಜವಲ್ಲ, ಆದರೆ ಸೂರ್ಯಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಕೂಡುವ ಅವೇ ದಿನಗಳಲ್ಲಿ ಭರತ ಅತಿ ಎತ್ತರಕ್ಕೂ ಇಳಿತ ಅತಿ ತಗ್ಗಿಗೂ ಹೋಗುತ್ತದೆ. ಈ ಕರಾವಳಿಯಲ್ಲಿ ಆ ದಿನಗಳ ಭರತ ಸಾಮಾನ್ಯವಾಗಿ ನಡುಹಗಲಿನ ಹತ್ತಿರ ಬರುವುದರಿಂದ, ಬೆಳಗಿನ ದರ್ಶನ ಮುಗಿಸಿ ಹನ್ನೊಂದರ ಸುಮಾರಿಗೆ ನೀರಿಗಿಳಿಯಲು ಹೊರಟವರು ಬಿರುಬಿಸಿಲು ಮತ್ತು ದೊಡ್ಡ ಅಲೆ ಎರಡನ್ನೂ ಒಟ್ಟಿಗೆ ಎದುರಿಸಬೇಕಾಗುತ್ತದೆ. ಮೊಣಕಾಲೆತ್ತರದ ಅಲೆಯೇ ಮುಪ್ಪಿನ ಕಾಲನ್ನು ಕೆಡವಬಲ್ಲದು. ಹಿಂದೆ ಸರಿಯುವ ನೀರು ಪಾದದಡಿಯ ಮರಳನ್ನೂ ಎಳೆದೊಯ್ಯುವುದರಿಂದ, ಇಬ್ಬರು ಹಿಡಿದುಕೊಂಡಿದ್ದರೂ ನಿಲುವು ತಪ್ಪುತ್ತದೆ. ಒಂದು ತಂಬಿಗೆ ಸಮುದ್ರದ ನೀರನ್ನು ಕುರ್ಚಿಯ ಬಳಿಗೆ ತರಿಸಿ ಪ್ರೋಕ್ಷಿಸಿಕೊಂಡರೆ ಶಾಸ್ತ್ರಕ್ಕೆ ಕೊರತೆಯಾಗುವುದಿಲ್ಲವೆಂದು ಒಪ್ಪಿಸಲು ಮನೆಯ ಪುರೋಹಿತರ ನೆರವನ್ನು ಹೊರಡುವ ಮುನ್ನವೇ ಪಡೆಯುವುದು ಜಾಣತನ.

ತೀರಗಳ ಆಯ್ಕೆಯಲ್ಲಿ ‘ನೀಲಿ ಬಾವುಟ’ ಎಂಬ ಮಾತು ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಕೇಂದ್ರ ಕಚೇರಿಯಿರುವ ಪರಿಸರ ಶಿಕ್ಷಣ ಪ್ರತಿಷ್ಠಾನವೊಂದು ನೀರಿನ ಗುಣಮಟ್ಟ, ಪರಿಸರ ನಿರ್ವಹಣೆ, ಪರಿಸರದ ತಿಳಿವಳಿಕೆ, ಸುರಕ್ಷತೆ ಮತ್ತು ಸೇವೆ ಎಂಬ ನಾಲ್ಕು ವಿಭಾಗಗಳ 33 ಮಾನದಂಡಗಳನ್ನು ಪೂರೈಸಿದ ತೀರಗಳಿಗೆ ಕೊಡುವ ಮಾನ್ಯತೆ ಅದು. 2020ರ ಅಕ್ಟೋಬರಿನಲ್ಲಿ ಭಾರತದ ಎಂಟು ತೀರಗಳಿಗೆ ಮೊದಲ ಬಾರಿಗೆ ಇದು ದೊರೆತಾಗ ಅವುಗಳಲ್ಲಿ ಎರಡು ಕರ್ನಾಟಕದವಾಗಿದ್ದವು: ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಹೊನ್ನಾವರದ ಬಳಿಯ ಕಾಸರಕೋಡು. ಅಂಗವಿಕಲರು ತೀರವನ್ನು ತಲುಪಲು ಮತ್ತು ಬಳಸಲು ಅನುಕೂಲವಿರಬೇಕೆಂಬುದೂ ಆ ಮಾನದಂಡಗಳಲ್ಲಿ ಸೇರಿದೆ. ಕಾಲುಹಾದಿ, ಶುಚಿಯಾದ ಶೌಚಾಲಯ, ಕುಡಿಯುವ ನೀರು, ಜೀವರಕ್ಷಕರು ಒಂದೇ ಕಡೆ ಸಿಗುವ ಭರವಸೆಯಿರುವುದರಿಂದ, ಮರಳಿನ ಮೇಲೆ ಇಳಿಯಲೇಬೇಕೆನ್ನುವವರು ಮೊದಲು ವಿಚಾರಿಸಬೇಕಾದದ್ದು ಈ ಎರಡು ತೀರಗಳನ್ನು. ಮಾನ್ಯತೆ ವರ್ಷವರ್ಷವೂ ನವೀಕರಣವಾಗಬೇಕಾದದ್ದು, ಮರಳಿನ ಗಾಲಿಕುರ್ಚಿ ಕೆಟ್ಟು ಮೂಲೆ ಸೇರಿರುವುದೂ ಅಸಂಭವವಲ್ಲ; ಆದ್ದರಿಂದ ಹೊರಡುವ ಹಿಂದಿನ ದಿನ ತೀರದ ನಿರ್ವಾಹಕರಿಗೇ ಕರೆ ಮಾಡಿ ಕೇಳುವುದು ಅಗತ್ಯ.

ಪಡುಬಿದ್ರಿ ಹಾಗೂ ಕಾಸರಕೋಡುಗಳ ನಡುವೆ ಆರಿಸಬೇಕಾದಾಗ ಸೌಂದರ್ಯವನ್ನು ಬದಿಗಿಟ್ಟು ಆಸ್ಪತ್ರೆಯ ದೂರವನ್ನು ನೋಡಬೇಕು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಪಡುಬಿದ್ರಿಯು ಮಣಿಪಾಲ ಮತ್ತು ಮಂಗಳೂರುಗಳ ನಡುವೆಯಿದ್ದು, ಎರಡೂ ಕಡೆಯ ದೊಡ್ಡ ಆಸ್ಪತ್ರೆಗಳನ್ನು ಹೆದ್ದಾರಿಯಲ್ಲಿ ಒಂದು ಗಂಟೆಯ ಆಸುಪಾಸಿನಲ್ಲಿ ತಲುಪಬಹುದು. ಕಾಸರಕೋಡಿನಿಂದ ಮಣಿಪಾಲ ನೂರು ಕಿಲೋಮೀಟರಿಗೂ ದೂರ. ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಅಲ್ಲಿನ ಜನರ ಬಹುಕಾಲದ ಬೇಡಿಕೆ 2022ರಲ್ಲಿ ದೊಡ್ಡ ಆಂದೋಲನದ ರೂಪವನ್ನೇ ಪಡೆದದ್ದು ಪ್ರವಾಸಿಗರಿಗೂ ಎಚ್ಚರಿಕೆಯಾಗಬೇಕು. ಹೃದಯದ ತೊಂದರೆಯಿರುವವರನ್ನು, ಈಚೆಗೆ ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರನ್ನು ಕರೆದೊಯ್ಯುವವರು ಕುಂದಾಪುರದಿಂದ ದಕ್ಷಿಣಕ್ಕೇ ತಂಗುವುದು ಲೇಸು.

ಮರಳನ್ನು ಮುಟ್ಟದೆಯೂ ಸಮುದ್ರವನ್ನು ಮನಸಾರೆ ನೋಡಬಹುದಾದ ಜಾಗಗಳು ಈ ಕರಾವಳಿಯಲ್ಲಿವೆ ಮತ್ತು ಗಾಲಿಕುರ್ಚಿಯವರಿಗೆ ಅವೇ ಹೆಚ್ಚು ಒದಗುತ್ತವೆ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇದ್ದು, ಕಾರಿನಿಂದ ಇಳಿಯದೆಯೇ ಎರಡನ್ನೂ ನೋಡಬಹುದು. ಅಲ್ಲಿನ ಅಲೆಗಳು ಈಜಿಗೂ ಸ್ನಾನಕ್ಕೂ ತಕ್ಕವಲ್ಲ, ಹೆದ್ದಾರಿಯ ವೇಗದ ನಡುವೆ ಬಾಗಿಲು ತೆರೆಯುವಾಗ ಎಚ್ಚರವೂ ಬೇಕು. ಮುರ್ಡೇಶ್ವರದ ಇಪ್ಪತ್ತು ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ. ಮೆಟ್ಟಿಲೇರಲಾಗದವರು ಅಷ್ಟು ಎತ್ತರದಿಂದ ಕಡಲನ್ನು ಕಾಣುವ ಅವಕಾಶ ಈ ತೀರದಲ್ಲಿ ಮತ್ತೆಲ್ಲೂ ಅಷ್ಟು ಸುಲಭವಾಗಿ ಸಿಗದು, ರಜೆಯ ದಿನಗಳ ಸರದಿಯನ್ನು ತಪ್ಪಿಸಿಕೊಂಡರೆ ಸಾಕು. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರ ಊರೊಳಗೇ, ಹೆದ್ದಾರಿಗೆ ಅಂಟಿಕೊಂಡೇ ಇದೆ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ತರುಣ ರವೀಂದ್ರರು ಬಂದು ತಂಗಿದ್ದ ತೀರವದು. ಗುಡ್ಡಗಳು ಬಳಸಿದ ಕೊಲ್ಲಿಯಾದ್ದರಿಂದ ಅಲೆಗಳೂ ತುಸು ಸೌಮ್ಯ. ಆದರೆ ಮೇಲೆ ಹೇಳಿದ ಆಸ್ಪತ್ರೆಯ ಮಾತು ಕಾರವಾರಕ್ಕೂ ಅನ್ವಯಿಸುತ್ತದೆ.

ಬಿಡಬೇಕಾದ ಜಾಗಗಳನ್ನೂ ಮುಲಾಜಿಲ್ಲದೆ ಹೇಳಬೇಕು. ಗೋಕರ್ಣದ ಓಂ ಕಡಲತೀರಕ್ಕೆ ಮೆಟ್ಟಿಲಿಳಿದು ಹೋಗಬೇಕು, ಇಳಿದವರು ಏರಲೇಬೇಕು. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ಭೂವಿಜ್ಞಾನದ ಸೋಜಿಗವೇ ಸರಿ, ಆದರೆ ತೂಗಾಡುವ ದೋಣಿಗೆ ಹತ್ತಿ ಇಳಿಯುವುದು ಸಮತೋಲ ಕೆಟ್ಟವರ ಕೆಲಸವಲ್ಲ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ಕಾಪು ದೀಪಸ್ತಂಭವನ್ನು ಕೆಳಗಿನಿಂದ ನೋಡಿದರೆ ಸಾಕು.

ನೆಲೆಯೂರಿ ಮೂರ್ನಾಲ್ಕು ದಿನ ತಂಗಲು ಉಡುಪಿ–ಮಲ್ಪೆಯೇ ಉತ್ತಮವೆಂಬುದು ಇವೆಲ್ಲವನ್ನೂ ತೂಗಿದ ಮೇಲೆ ಬರುವ ತೀರ್ಮಾನ. ಮಲ್ಪೆಯ ತೀರ ಮಟ್ಟಸವಾಗಿದ್ದು, ವಾಹನವು ಮರಳಿನ ಅಂಚಿನವರೆಗೂ ಹೋಗುತ್ತದೆ. ಬಂದರಿನ ಬಳಿ ಅಲೆತಡೆಗೋಡೆಯ ಉದ್ದಕ್ಕೆ ಕಟ್ಟಿದ ನಡಿಗೆಪಥದಿಂದ ಮರಳಿಗಿಳಿಯದೆ ನೀರನ್ನು ನೋಡಬಹುದು. ಉಡುಪಿ ಪೇಟೆ ಸುಮಾರು ಆರು ಕಿಲೋಮೀಟರ್, ಮಣಿಪಾಲದ ಕಸ್ತೂರಬಾ ಆಸ್ಪತ್ರೆ ಹತ್ತು ಹನ್ನೊಂದು ಕಿಲೋಮೀಟರ್. ಪಡುಬಿದ್ರಿ, ಕಾಪು, ಮರವಂತೆಗಳಿಗೆ ಅರ್ಧ ದಿನದ ಓಡಾಟ. ಬಸವನಗುಡಿಯ ಗಾಂಧಿ ಬಜಾರಿನ ರುಚಿಗೆ ಒಗ್ಗಿದ ನಾಲಿಗೆಗೆ ಊಟದ ಚಿಂತೆಯಂತೂ ಇಲ್ಲ. ಬೆಂಗಳೂರಿಗೆ ದೋಸೆ ಕಲಿಸಿದವರ ಊರದು. ವಾರಾಂತ್ಯದ ಮಲ್ಪೆ ಮಾತ್ರ ಜಾತ್ರೆಯೇ ಆಗುವುದರಿಂದ ಸೋಮವಾರದಿಂದ ಗುರುವಾರದವರೆಗೆ ಇದ್ದು ಬರುವುದು ಹಿತ. ಸಮಸಂಖ್ಯೆಯ ವರ್ಷಗಳ ಜನವರಿ ನಡುಭಾಗದಲ್ಲಿ ಕೃಷ್ಣಮಠದ ಪರ್ಯಾಯ ಮಹೋತ್ಸವ ನಡೆಯುವಾಗ ಉಡುಪಿಯಲ್ಲಿ ಕೋಣೆಯೂ ಸಿಗದು, ಗಾಲಿಕುರ್ಚಿಗೆ ದಾರಿಯೂ ಸಿಗದು.

ಪೂರ್ತಿಯಾಗಿ ಗಾಲಿಕುರ್ಚಿಯಲ್ಲೇ ಇರುವವರ ಮಟ್ಟಿಗೆ ಊರಿನ ಅಭಿಮಾನವನ್ನು ಬಿಟ್ಟು ಮೂಡಣ ತೀರವನ್ನು ನೋಡುವುದು ಸರಿ. ಚೆನ್ನೈನ ಮರೀನಾದಲ್ಲಿ ಅಂಗವಿಕಲರು ನೀರಿನ ಸಮೀಪಕ್ಕೆ ಹೋಗಲೆಂದು 263 ಮೀಟರ್ ಉದ್ದದ ಮರದ ಹಲಗೆಗಳ ಪಥವನ್ನು 2022ರ ನವೆಂಬರಿನಲ್ಲಿ ತೆರೆಯಲಾಯಿತು. ಮರುತಿಂಗಳೇ ಬಂದ ಮಾಂಡೂಸ್ ಚಂಡಮಾರುತ ಅದನ್ನು ಕೆಡಿಸಿತಾದರೂ ದುರಸ್ತಿಯಾಯಿತು. ಪುದುಚೇರಿಯ ಕಡಲಂಚಿನ ರಸ್ತೆಯಲ್ಲಿ ಸಂಜೆಯಿಂದ ಬೆಳಗಿನವರೆಗೆ ವಾಹನಗಳನ್ನು ತಡೆಯುವುದರಿಂದ, ಒಂದು ಕಿಲೋಮೀಟರಿಗೂ ಹೆಚ್ಚು ಉದ್ದದ ಸಮತಟ್ಟಾದ ಗಟ್ಟಿ ನೆಲದ ಮೇಲೆ ಸಾಮಾನ್ಯ ಗಾಲಿಕುರ್ಚಿಯೇ ಸಲೀಸಾಗಿ ಓಡುತ್ತದೆ. ಕರ್ನಾಟಕದ ಸುಮಾರು 320 ಕಿಲೋಮೀಟರ್ ಕರಾವಳಿಯಲ್ಲಿ ಅಂಥ ಒಂದು ರಸ್ತೆಯನ್ನು ಸರ್ಕಾರ ಇನ್ನೂ ಕಟ್ಟಿಕೊಟ್ಟಿಲ್ಲವೆಂಬುದು ನಾಚಿಕೆಯ ಸಂಗತಿ. ಚೆನ್ನೈಗೆ ಘಟ್ಟವಿಳಿಯುವ ತಾಪತ್ರಯವೂ ಇಲ್ಲ. 2022ರ ನವೆಂಬರಿನಲ್ಲಿ ಆರಂಭವಾದ ಮೈಸೂರು–ಚೆನ್ನೈ ವಂದೇ ಭಾರತ್ ಬೆಂಗಳೂರಿನ ಮುಖ್ಯ ನಿಲ್ದಾಣದಿಂದ ಅರ್ಧ ದಿನದೊಳಗೆ ಮುಟ್ಟಿಸುತ್ತದೆ. ಹಿಂಗಾರಿನ ಮಳೆ ಬೀಳುವ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮಾತ್ರ ಆ ಕಡೆ ಹೋಗಬಾರದು. ಪಡುವಣ ತೀರಕ್ಕೆ ಜೂನಿನಿಂದ ಸೆಪ್ಟೆಂಬರ್ ನಿಷಿದ್ಧ, ಮಾರ್ಚ್ ನಂತರ ಸೆಕೆ ಅಸಹನೀಯ. ಹಾಗಾಗಿ ಪಡುವಣ ತೀರಕ್ಕೆ ಡಿಸೆಂಬರಿನ ಮೊದಲ ಮೂರು ವಾರ, ಜನವರಿಯ ಕೊನೆ ಮತ್ತು ಫೆಬ್ರುವರಿಯ ಮೊದಲರ್ಧ ಅತ್ಯಂತ ಅನುಕೂಲದ ಕಾಲ.

ಘಟ್ಟವನ್ನು ಇಳಿಯುವ ಬಗೆಯ ಬಗ್ಗೆ ಮನೆಗಳಲ್ಲಿ ಸಾಕಷ್ಟು ಚರ್ಚೆ ನಡೆಯುವುದುಂಟು. ಹದಿನಾಲ್ಕು ಕಡಿದಾದ ತಿರುವುಗಳ ಆಗುಂಬೆ ತಲೆಸುತ್ತಿನವರಿಗೆ ಒಗ್ಗದು. ಕಾರಿನಲ್ಲೇ ಹೋಗುವವರಿಗೆ ಹಾಸನ, ಸಕಲೇಶಪುರಗಳ ಮೂಲಕ ಶಿರಾಡಿಯನ್ನು ಇಳಿಯುವುದು ಮೇಲು. ದೀರ್ಘಕಾಲ ಕಾಲು ಮಡಚಿ ಕುಳಿತರೆ ಕಾಲಿನ ಆಳದ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಗಂಟೆಗೆ, ಹೆಚ್ಚೆಂದರೆ ಎರಡು ಗಂಟೆಗೊಮ್ಮೆ ಇಳಿದು ನಿಲ್ಲಬೇಕು, ಇಳಿಯಲಾಗದವರು ಕುಳಿತಲ್ಲೇ ಪಾದಗಳನ್ನು ಆಡಿಸಬೇಕು. ದಾರಿಯಲ್ಲಿ ಶೌಚಾಲಯ ಸಿಗದೆಂಬ ಭಯದಿಂದ ಹಿರಿಯರು, ಅದರಲ್ಲೂ ಹೆಂಗಸರು, ಬೆಳಗಿನಿಂದ ನೀರನ್ನೇ ಕುಡಿಯದೆ ಹೊರಡುವುದು ಮನೆಮಂದಿಗೆ ಗೊತ್ತಾಗದೆಯೇ ನಡೆಯುವ ಅಪಾಯ. ಕಮೋಡ್ ಇರುವ ಎರಡು ಮೂರು ಹೋಟೆಲುಗಳನ್ನು ಮೊದಲೇ ಗೊತ್ತುಮಾಡಿಕೊಂಡು ಅವರಿಗೆ ಹೇಳಿದರೆ ಆ ಭಯ ಹೋಗುತ್ತದೆ.

ರೈಲಿನಲ್ಲಿ ಈ ತೊಂದರೆಯಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದ ಹಾದಿಯಲ್ಲಿ 57 ಸುರಂಗಗಳಿದ್ದು, 50 ಮೀಟರಿಗೆ ಒಂದು ಮೀಟರಿನಂತೆ ಇಳಿಯುವ ಆ ಹಾದಿಯನ್ನು ಗಾಡಿ ನಿಧಾನವಾಗಿ ದಾಟುತ್ತದೆ. ಹಗಲಿನ ಗಾಡಿಗಳಿಗೆ 2021ರ ಜುಲೈಯಲ್ಲಿ ಜೋಡಿಸಿದ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಗಳು ನಡೆಯಲಾಗದವರಿಗೆ ಕುಳಿತಲ್ಲೇ ಘಟ್ಟವನ್ನು ತೋರಿಸುತ್ತವೆ. ರಾತ್ರಿಯ ಗಾಡಿಗಳಲ್ಲಿ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಉಡುಪಿಯನ್ನು ನಸುಕಿಗೂ ಮುಂಚೆ ಮುಟ್ಟುವುದರಿಂದ, ಕೋಣೆ ಸಿಗುವ ಹೊತ್ತಿನವರೆಗೆ ಹಿರಿಯರನ್ನು ಎಲ್ಲಿ ಮಲಗಿಸುವುದೆಂದು ಮೊದಲೇ ಯೋಚಿಸಿರಬೇಕು. ಸಣ್ಣ ನಿಲ್ದಾಣಗಳಲ್ಲಿ ಗಾಡಿ ನಿಲ್ಲುವುದು ಎರಡೇ ನಿಮಿಷ, ಪ್ಲಾಟ್‌ಫಾರಂ ತಗ್ಗಾಗಿದ್ದರೆ ಬೋಗಿಯ ಮೆಟ್ಟಿಲಿಳಿಯಲು ಅಷ್ಟು ಹೊತ್ತು ಸಾಲದು. ಮಂಗಳೂರು ಸೆಂಟ್ರಲ್, ಉಡುಪಿಗಳಂಥ ದೊಡ್ಡ ನಿಲ್ದಾಣಗಳಲ್ಲಿ ಇಳಿದು ಕಾರು ಹಿಡಿಯುವುದು ಕ್ಷೇಮ. ಮೂರು ಹಂತದ ಎಸಿ ಬೋಗಿಯಲ್ಲಿ ನಡುಬರ್ತ್ ಬಿಚ್ಚಿದ ಮೇಲೆ ಕೆಳಗಿನವರು ನೆಟ್ಟಗೆ ಕೂರಲಾರರು, ಬೆನ್ನು ಬಗ್ಗಿಸಿ ಏಳುವುದೂ ಕಷ್ಟ; ಎರಡು ಹಂತದ ಬೋಗಿಗೆ ಕೊಡುವ ಹೆಚ್ಚಿನ ಹಣ ಈ ಕಾರಣಕ್ಕೆ ದಂಡವಲ್ಲ. ವಿಮಾನದಲ್ಲಿ ಗಾಲಿಕುರ್ಚಿಯ ಸಹಾಯ ದೊರೆಯುತ್ತದೆ, ಟಿಕೆಟ್ ಕೊಳ್ಳುವಾಗಲೇ ಕೇಳಿರಬೇಕು, ಆದರೆ ಬಸವನಗುಡಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವ ಹೊತ್ತು ಅಲ್ಲಿಂದ ಮಂಗಳೂರಿನ ಬಜ್ಪೆಗೆ ಹಾರುವ ಹೊತ್ತಿಗಿಂತ ಹೆಚ್ಚೆಂಬುದು ಬೆಂಗಳೂರಿನವರಿಗೆ ಹೇಳಬೇಕಾದ ಮಾತಲ್ಲ.

ತಂಗುದಾಣಕ್ಕೆ ಕರೆ ಮಾಡಿದಾಗ ‘ವಯಸ್ಸಾದವರಿಗೆ ಅನುಕೂಲವಿದೆಯೇ’ ಎಂದು ಕೇಳಿದರೆ ಬರುವ ಉತ್ತರ ‘ಇದೆ’ ಎಂಬುದೊಂದೇ. ಕೇಳಬೇಕಾದದ್ದು ಅಂಕಿಗಳನ್ನು. ಕಾರು ನಿಲ್ಲುವಲ್ಲಿಂದ ಹಾಸಿಗೆಯವರೆಗೆ ಎಷ್ಟು ಮೆಟ್ಟಿಲು, ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರ, ಬಾಗಿಲು ಎಷ್ಟು ಅಗಲ, ಕಮೋಡಿನ ಪಕ್ಕ ಹಿಡಿಕಂಬಿಯಿದೆಯೇ? ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿದ ಸಾರ್ವತ್ರಿಕ ಪ್ರವೇಶಸಾಧ್ಯತೆಯ ಮಾರ್ಗಸೂಚಿಯಂತೆ ಬಾಗಿಲಿನ ಅಗಲ ಕನಿಷ್ಠ 900 ಮಿಲಿಮೀಟರ್ ಇರಬೇಕು, ಇಳಿಜಾರು ಹನ್ನೆರಡಕ್ಕೆ ಒಂದಕ್ಕಿಂತ ಕಡಿದಾಗಿರಬಾರದು. ಹನ್ನೆರಡಕ್ಕೆ ಒಂದು ಎಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂದರ್ಥ. ಕರಾವಳಿಯ ಮನೆಗಳು ಮಳೆಯ ಕಾರಣದಿಂದ ಎತ್ತರದ ಅಡಿಪಾಯದ ಮೇಲಿರುತ್ತವೆ. ಒಂದೂವರೆ ಅಡಿ ಎತ್ತರದ ಜಗಲಿಗೆ ಹದಿನೆಂಟು ಅಡಿ ಇಳಿಜಾರು ಬೇಕು, ಹೋಮ್‌ಸ್ಟೇಯವರು ಒರಗಿಸಿಡುವ ಆರಡಿಯ ಹಲಗೆಯಿಂದ ಗಾಲಿಕುರ್ಚಿಯನ್ನು ಇಳಿಸುವುದು ಅಪಾಯಕರ. ಚಾಮರಾಜಪೇಟೆಯ ಹಳೆಯ ಮನೆಯಲ್ಲಿ ಕತ್ತಲೆಯಲ್ಲೂ ಗೋಡೆ ತಡವಿ ಬಚ್ಚಲಿಗೆ ಹೋಗಬಲ್ಲವರು ಹೊಸ ಕೋಣೆಯ ಮೊದಲ ರಾತ್ರಿಯೇ ಬೀಳುವ ಸಂಭವವಿದೆ. ಮಂಚದ ಬಳಿ ಒಂದು ರಾತ್ರಿದೀಪ, ಹಗಲಿನಲ್ಲೇ ಎರಡು ಬಾರಿ ಹಾದಿಯ ಅಭ್ಯಾಸ, ಇವಿಷ್ಟಕ್ಕೆ ಖರ್ಚೇನೂ ಆಗದು.

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನ ಹಗುರ ಹವೆಗೆ ಒಗ್ಗಿದ ದೇಹ ಕರಾವಳಿಗೆ ಇಳಿದಾಗ, ಗಾಳಿಯ ತೇವದಿಂದ ಬೆವರು ಆರದೆ, ಒಳಗಿನ ಬಿಸಿ ಹೊರಹೋಗಲು ಕಷ್ಟವಾಗುತ್ತದೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುವುದರಿಂದ, ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ನೀರಿನ ವಿಷಯದಲ್ಲಿ ತಮ್ಮ ವೈದ್ಯರನ್ನು ಕೇಳಿಕೊಂಡೇ ಹೊರಡಬೇಕು. ಎಳನೀರು ಎಲ್ಲರಿಗೂ ಅಮೃತವಲ್ಲ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ತೊಂದರೆಯಿರುವವರು ಎಚ್ಚರ ವಹಿಸಬೇಕು. ದೀರ್ಘಕಾಲದ ಸಕ್ಕರೆ ಕಾಯಿಲೆಯಲ್ಲಿ ಪಾದಗಳ ನರಗಳು ಸ್ಪರ್ಶವನ್ನು ಕಳೆದುಕೊಳ್ಳುತ್ತವೆ. ಅಂಥವರು ಬರಿಗಾಲಿನಲ್ಲಿ ಬಿಸಿ ಮರಳನ್ನೋ ದೇವಸ್ಥಾನದ ಕಾದ ಕಲ್ಲನ್ನೋ ತುಳಿದರೆ ಸುಟ್ಟದ್ದು ತಿಳಿಯುವುದು ಬೊಬ್ಬೆ ಎದ್ದ ಮೇಲೆ. ಬೆಳಗ್ಗೆ ಒಂಬತ್ತರೊಳಗೆ, ಸಂಜೆ ಐದರ ನಂತರ ಮಾತ್ರ ತೀರ, ಅದೂ ಮುಚ್ಚಿದ ಚಪ್ಪಲಿಯೊಂದಿಗೆ ಎಂಬ ನಿಯಮವನ್ನು ಮುರಿಯದಿರುವುದು ಒಳ್ಳೆಯದು.

ಕಾನೂನಿನ ಬೆಂಬಲ ಕಾಗದದ ಮೇಲೆ ಕಡಿಮೆಯೇನಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಸ್ಥಳಗಳನ್ನು ಎಲ್ಲರೂ ತಲುಪುವಂತಿರಬೇಕೆಂದು ವಿಧಿಸುತ್ತದೆ. ಅದರಡಿಯ ನಿಯಮಗಳು ಬರಿಯ ಸಲಹೆಗಳಂತಿವೆಯೆಂದು ಕಂಡ ಸುಪ್ರೀಂ ಕೋರ್ಟ್, ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ತೀರ್ಪಿತ್ತು, ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳೊಳಗೆ ರೂಪಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಕಡಲತೀರವೂ ಸಾರ್ವಜನಿಕ ಸ್ಥಳವೇ. ಹೋಗಿಬಂದ ಕುಟುಂಬಗಳು ಎಲ್ಲಿ ಮೆಟ್ಟಿಲಿತ್ತು, ಎಲ್ಲಿ ಶೌಚಾಲಯಕ್ಕೆ ಬೀಗವಿತ್ತು ಎಂಬುದನ್ನು ಜಿಲ್ಲಾಧಿಕಾರಿಗೂ ಪ್ರವಾಸೋದ್ಯಮ ಇಲಾಖೆಗೂ ಬರೆದು ತಿಳಿಸಿದರೆ, ಮುಂದೆ ಹೋಗುವವರಿಗೆ ಅಷ್ಟರಮಟ್ಟಿಗೆ ದಾರಿ ಸುಗಮವಾದೀತು.

ಎಲ್ಲಕ್ಕಿಂತ ಮೊದಲು ಹಿರಿಯರನ್ನೇ ಕೇಳಬೇಕು. ಕೆಲವರಿಗೆ ನೀರನ್ನು ಮುಟ್ಟುವಾಸೆ, ಕೆಲವರಿಗೆ ದೂರದಿಂದ ಸೂರ್ಯಾಸ್ತ ನೋಡಿದರೆ ತೃಪ್ತಿ, ಇನ್ನು ಕೆಲವರಿಗೆ ಸಮುದ್ರಕ್ಕಿಂತ ಉಡುಪಿಯ ಕೃಷ್ಣಮಠದ ದರ್ಶನವೇ ಮುಖ್ಯ. ಯಾವುದೆಂದು ತಿಳಿದರೆ ಊರಿನ ಆಯ್ಕೆ ಅರ್ಧ ಮುಗಿದಂತೆ. ಊರು ಗೊತ್ತಾದ ಮೇಲೆ ಉಳಿಯುವುದು ಟಿಕೆಟಿನ ಕೆಲಸ. ರೈಲಿನಲ್ಲಿ 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಕೆಳಬರ್ತ್ ಕೊಡುವ ವ್ಯವಸ್ಥೆಯಿದೆ, ಆದರೆ ಅದು ಖಾಲಿಯಿದ್ದರೆ ಮಾತ್ರ. 2020ರ ಮಾರ್ಚಿನಲ್ಲಿ ನಿಂತುಹೋದ ಹಿರಿಯರ ರಿಯಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಮುಂಗಡ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60ಕ್ಕೆ ಇಳಿಸಿರುವುದರಿಂದ, ಫೆಬ್ರುವರಿಯ ಮೊದಲ ವಾರ ಹೊರಡುವವರಿಗೆ ಕೆಳಬರ್ತ್ ಬೇಕಿದ್ದರೆ ಡಿಸೆಂಬರಿನ ಮೊದಲ ವಾರದಲ್ಲೇ ಟಿಕೆಟ್ ಕಾಯ್ದಿರಿಸಬೇಕು.